ನಗರದ ನೀರಿಗಾಗಿ ಹಟ್ಟಿಗೆ ನೆರವು

ಅಮೆರಿಕದ ನ್ಯೂಯಾರ್ಕ್ ನಗರವು ಕುಡಿಯುವ ನೀರಿನ ಬಹುಪಾಲು ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯಿಂದ, ಶೋಧಕ ಘಟಕವಿಲ್ಲದೆಯೇ ಬರುತ್ತದೆ. ಆದರೆ ಅಲ್ಲಿನ ಹೈನುಗಾರರ ಹಸುಗಳು ತೊರೆಗಿಳಿದರೆ, ಸೆಗಣಿ ಮಳೆಗೆ ಕೊಚ್ಚಿಹೋದರೆ, ರೋಗಾಣುಗಳು ಜಲಾಶಯವನ್ನೇ ಸೇರುವವು. 1990ರಲ್ಲಿ ನಗರಾಡಳಿತವು ಕಠಿಣ ನಿಯಮಗಳನ್ನು ಮುಂದಿಟ್ಟಾಗ, ತಮ್ಮ ಕಸುಬೇ ಮುಚ್ಚಿಹೋಗುವುದೆಂದು ರೈತರು ಕೆರಳಿದರು. ಅವರ ಅಳಲು ನ್ಯಾಯವಾದುದೆಂದೇ ನಾವು ಭಾವಿಸುತ್ತೇವೆ. ದೀರ್ಘ ಮಾತುಕತೆಯ ಬಳಿಕ 1992ರಲ್ಲಿ ಹೊಸ ಯೋಜನೆ ಮೊದಲಾಯಿತು. ಗೊಬ್ಬರದ ಸಂಗ್ರಹಾಗಾರ, ತೊರೆಬದಿಯ ಬೇಲಿ, ದನಗಳಿಗೆ ಪ್ರತ್ಯೇಕ ನೀರಿನ ತೊಟ್ಟಿ - ಇವುಗಳ ವೆಚ್ಚ ನಗರದ್ದು. ಸೇರುವುದೂ ಬಿಡುವುದೂ ರೈತನ ಇಚ್ಛೆ. ಆದರೆ ಐದು ವರ್ಷಗಳೊಳಗೆ ಶೇಕಡಾ 85ರಷ್ಟು ರೈತರು ಸೇರಬೇಕೆಂಬ ಗುರಿಯಿತ್ತು. ಅದಕ್ಕಿಂತ ಹೆಚ್ಚೇ ಸೇರಿದರು! ಶೋಧಕ ಘಟಕ ಕಟ್ಟಿದ್ದರೆ ನೂರಾರು ಕೋಟಿ ಡಾಲರುಗಳು ಬೇಕಾಗುತ್ತಿದ್ದವು. ಇಷ್ಟಾದರೂ ಹಾಲಿನ ಬೆಲೆ ಗಿಟ್ಟದೆ ಅಲ್ಲಿನ ಹಲವು ಹಟ್ಟಿಗಳು ಬರಿದಾಗಿವೆ.