ಒಂದೂವರೆ ಪಟ್ಟಿನ ಲೆಕ್ಕ: ಮಾದರಿ ವಿಮಾನದ ನಕ್ಷೆ ಹಿಗ್ಗಿದಾಗ, ಕುಗ್ಗಿದಾಗ

ಕುವೈತ್ ನಗರದ ನೈಋತ್ಯಕ್ಕಿರುವ ಸುಲೈಬಿಯಾ ಪ್ರವಾಸಿಗರು ಹುಡುಕಿಕೊಂಡು ಬರುವ ಸ್ಥಳವಲ್ಲ. ಜಹ್ರಾ ಪ್ರಾಂತ್ಯಕ್ಕೆ ಸೇರಿದ ಈ ಊರಿನಲ್ಲಿ ಕೈಗಾರಿಕಾ ಶೆಡ್ಡುಗಳಿವೆ, ತರಕಾರಿ ಮಾರುಕಟ್ಟೆಯಿದೆ, ಬಳಸಿದ ನೀರನ್ನು ಶುದ್ಧೀಕರಿಸುವ ಬೃಹತ್ ಸ್ಥಾವರವಿದೆ. ಅವುಗಳಾಚೆಗೆ ಮರಳಿನ ಬಯಲು ಹರಡಿಕೊಂಡಿದೆ. ಚಳಿಗಾಲದ ಶುಕ್ರವಾರಗಳಂದು ಮನೆಯಲ್ಲಿಯೇ ಕಟ್ಟಿದ ಪುಟ್ಟ ವಿಮಾನವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಇಂತಹ ಬಯಲುಗಳನ್ನು ಅರಸುವ ತಂದೆ-ಮಕ್ಕಳನ್ನು ನಾನು ಕಂಡಿದ್ದೇನೆ. ಅವರಲ್ಲಿ ನಮ್ಮ ಕನ್ನಡದ ಕುಟುಂಬಗಳೂ ಉಂಟು. ಬಾಲ್ಸಾ ಮರದ ತೆಳು ಹಾಳೆ, ಅಂಟು, ಒಂದು ಚಿಕ್ಕ ಮೋಟಾರು, ಕಾಗದದ ಮೇಲೆ ಮುದ್ರಿಸಿಕೊಂಡ ಒಂದು ನಕ್ಷೆ, ಇವಿಷ್ಟಿದ್ದರೆ ಫ್ಲ್ಯಾಟಿನ ಊಟದ ಮೇಜೇ ಕಾರ್ಖಾನೆಯಾಗುತ್ತದೆ.

ಮೊದಲ ವಿಮಾನ ಹಾರಿತೆಂದರೆ ಎರಡನೆಯ ಆಸೆ ಹುಟ್ಟುತ್ತದೆ. ಇದೇ ವಿಮಾನವನ್ನು ಇನ್ನಷ್ಟು ದೊಡ್ಡದಾಗಿ ಕಟ್ಟಬೇಕು. ಇಲ್ಲವೇ ಬೇಸಗೆಯಲ್ಲಿ ಹೊರಗೆ ಹೋಗಲಾಗದ ಕಾರಣ ಸಭಾಂಗಣದೊಳಗೆ ಹಾರುವಂತೆ ಚಿಕ್ಕದಾಗಿ ಕಟ್ಟಬೇಕು. ಆಗ ಬರುವ ಪ್ರಶ್ನೆ ಒಂದೇ: ನಕ್ಷೆಯನ್ನು ಜೆರಾಕ್ಸ್ ಯಂತ್ರದಲ್ಲಿ ಒಂದೂವರೆ ಪಟ್ಟು ಹಿಗ್ಗಿಸಿದರೆ ಸಾಕಲ್ಲವೇ? ವೈದ್ಯನ ಕಿವಿಗೆ ಈ ಪ್ರಶ್ನೆ ಬಹಳ ಪರಿಚಿತವಾಗಿ ಕೇಳಿಸುತ್ತದೆ. ದೊಡ್ಡವರಿಗೆ ಒಂದು ಮಾತ್ರೆಯಾದರೆ ಮಗುವಿಗೆ ಅರ್ಧ ಸಾಕಲ್ಲವೇ ಎಂದು ಕೇಳುವ ತಾಯಂದಿರ ಪ್ರಶ್ನೆಯೂ ಇದೇ ಜಾತಿಯದು.

ಅನುಪಾತವನ್ನು ಕಾಪಾಡಿಕೊಂಡು ಅಳತೆಯನ್ನು ಬದಲಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಶಿಲ್ಪಶಾಸ್ತ್ರದ ತಾಲಮಾನ ಪದ್ಧತಿಯಲ್ಲಿ ಮುಖದ ಉದ್ದವೇ ಮೂಲಮಾನ. ಉಳಿದ ಅಂಗಗಳ ಅಳತೆಯೆಲ್ಲ ಅದರ ಗುಣಕ ಅಥವಾ ಭಾಗ. 1432ರ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ, 1604ರ ವೇಣೂರಿನ ಗೊಮ್ಮಟ ಸುಮಾರು 35 ಅಡಿ. ಎತ್ತರಗಳು ಬೇರೆಯಾದರೂ ನೋಡಿದ ಕಣ್ಣು ಎರಡನ್ನೂ ಗೊಮ್ಮಟನೆಂದೇ ಗುರುತಿಸುತ್ತದೆ. ಆದರೆ ಗೊಮ್ಮಟ ನಿಂತಿರುವವನು. ನಿಲ್ಲುವ ಕಲ್ಲಿಗೆ ಅನುಪಾತವೊಂದೇ ಬಹುತೇಕ ಸಾಕಾದೀತು. ಹಾರಬೇಕಾದ ಮರಕ್ಕೆ ತೂಕದ ಮತ್ತು ಗಾಳಿಯ ಒಪ್ಪಿಗೆಯೂ ಬೇಕು.

ಈ ತೊಡಕನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಗೆಲಿಲಿಯೊ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಎರಡು ಮೂಳೆಗಳ ಚಿತ್ರವನ್ನು ಕೊಟ್ಟ. ಉದ್ದ ಮೂರು ಪಟ್ಟಾದ ಮೂಳೆ ಅದೇ ಕೆಲಸವನ್ನು ಮಾಡಬೇಕಾದರೆ ಮೂರಕ್ಕಿಂತ ಎಷ್ಟೋ ಹೆಚ್ಚು ಪಟ್ಟು ದಪ್ಪವಾಗಬೇಕೆಂದು ತೋರಿಸಿದ. ದೇಹ ಹಿಗ್ಗಿದಾಗ ತೂಕ ಘನದ ಲೆಕ್ಕದಲ್ಲಿಯೂ ಮೂಳೆಯ ಅಡ್ಡಕೊಯ್ತ ವರ್ಗದ ಲೆಕ್ಕದಲ್ಲಿಯೂ ಬೆಳೆಯುತ್ತವೆ. ಮೂರು ಶತಮಾನಗಳ ಬಳಿಕವೂ ಈ ಪಾಠ ಮರೆತುಹೋಗಿತ್ತೆಂಬುದಕ್ಕೆ 1962ರ ಒಂದು ದುರಂತ ಸಾಕ್ಷಿ. ಅಮೆರಿಕದ ಒಕ್ಲಹೋಮಾ ನಗರದ ಮೃಗಾಲಯದಲ್ಲಿ ಟಸ್ಕೊ ಎಂಬ ಗಂಡಾನೆಗೆ ಎಲ್‌ಎಸ್‌ಡಿ ಔಷಧವನ್ನು ಪ್ರಯೋಗಾರ್ಥವಾಗಿ ಚುಚ್ಚಿದರು. ಪ್ರಮಾಣವನ್ನು ದೇಹತೂಕಕ್ಕೆ ನೇರವಾಗಿ ಗುಣಿಸಿ ನಿರ್ಧರಿಸಿದ್ದರು: 297 ಮಿಲಿಗ್ರಾಂ. ಆನೆ ಕೆಲವೇ ನಿಮಿಷಗಳಲ್ಲಿ ಕುಸಿಯಿತು, ಎರಡು ಗಂಟೆಯೊಳಗೆ ಸತ್ತಿತು. ದೇಹ ದೊಡ್ಡದಾದಂತೆ ಚಯಾಪಚಯದ ವೇಗ ತೂಕದಷ್ಟೇ ಏರುವುದಿಲ್ಲವೆಂಬ ಅಂಶವನ್ನು ಆ ಗುಣಾಕಾರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ನಮ್ಮ ಊಟದ ಮೇಜಿನ ಮೇಲಿನ ವಿಮಾನಕ್ಕೆ ಬರೋಣ. ರೆಕ್ಕೆಯ ಹರವು 120 ಸೆಂಟಿಮೀಟರ್, ರೆಕ್ಕೆಯ ಅಗಲ 20 ಸೆಂಟಿಮೀಟರ್, ತೂಕ 1.2 ಕಿಲೋ, ಹಾರುವ ವೇಗ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ. ನಕ್ಷೆಯನ್ನೂ ಮರದ ದಪ್ಪವನ್ನೂ ಒಂದೂವರೆ ಪಟ್ಟು ಹಿಗ್ಗಿಸಿದೆವೆನ್ನಿ. ಹರವು 180 ಸೆಂಟಿಮೀಟರ್ ಆಗುತ್ತದೆ. ಇದು ಒಂದೂವರೆ ಪಟ್ಟು. ರೆಕ್ಕೆಯ ವಿಸ್ತೀರ್ಣ 2.25 ಪಟ್ಟು. ತೂಕ 3.375 ಪಟ್ಟು, ಅಂದರೆ ನಾಲ್ಕು ಕಿಲೋಗೆ ತುಸು ಹೆಚ್ಚು. ವಿಸ್ತೀರ್ಣಕ್ಕಿಂತ ತೂಕ ಹೆಚ್ಚು ಬೆಳೆದುದರಿಂದ ವಿಮಾನ ಬೀಳದೆ ಹಾರಲು ಇನ್ನಷ್ಟು ವೇಗ ಬೇಕು. ಆ ವೇಗ ಒಂದೂವರೆಯ ವರ್ಗಮೂಲದಷ್ಟು, ಸುಮಾರು 1.22 ಪಟ್ಟು, ಏರುತ್ತದೆ. ತೂಕವೂ ವೇಗವೂ ಕೂಡಿ ಮೋಟಾರಿನಿಂದ ಬೇಡುವ ಶಕ್ತಿ ನಾಲ್ಕು ಪಟ್ಟನ್ನು ದಾಟುತ್ತದೆ. ಕೊನೆಯದಾಗಿ, ಆ ವಿಮಾನ ಯಾವುದಕ್ಕಾದರೂ ಬಡಿದರೆ ಅದರೊಳಗಿನ ಚಲನಶಕ್ತಿ ಐದು ಪಟ್ಟು.

ಒಂದೂವರೆ, ಎರಡೂಕಾಲು, ಮೂರು ಚಿಲ್ಲರೆ, ನಾಲ್ಕು ಚಿಲ್ಲರೆ, ಐದು. ಒಂದೇ ನಕ್ಷೆ, ಐದು ಏಣಿಮೆಟ್ಟಿಲುಗಳು. ಜೆರಾಕ್ಸ್ ಯಂತ್ರ ನಮಗೆ ತೋರಿಸುವುದು ಅತ್ಯಂತ ಕೆಳಗಿನ ಮೆಟ್ಟಿಲನ್ನು ಮಾತ್ರ. ಅಪಾಯ ಕುಳಿತಿರುವುದು ಅತ್ಯಂತ ಮೇಲಿನದರಲ್ಲಿ. ಮೂಲ ವಿಮಾನದ ಪೆಟ್ಟು ಹತ್ತು ಕಿಲೋ ಅಕ್ಕಿಯ ಚೀಲವೊಂದು ಸುಮಾರು 60 ಸೆಂಟಿಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಹಿಗ್ಗಿದ ವಿಮಾನದ ಪೆಟ್ಟು ಅದೇ ಚೀಲ ಮೂರು ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಅಷ್ಟೂ ಶಕ್ತಿ ಚೂಪಾದ ಮೂತಿಯಲ್ಲಿ, ತಿರುಗುವ ಪ್ರೊಪೆಲ್ಲರಿನ ಹಿಂದೆ, ಒಟ್ಟುಗೂಡಿರುತ್ತದೆ. ಪ್ರೊಪೆಲ್ಲರಿಗೆ ಸಿಕ್ಕ ಬೆರಳಿನ ಗಾಯ ಸಾಮಾನ್ಯ ಚಾಕುವಿನ ಗಾಯದಂತಿರುವುದಿಲ್ಲ; ಒಂದೇ ಕ್ಷಣದಲ್ಲಿ ಹಲವು ಸಲ ಕೊಯ್ದಿರುತ್ತದೆ, ಸ್ನಾಯುರಜ್ಜುವನ್ನೂ ಬಿಡುವುದಿಲ್ಲ.

ಹಾಗೆಂದು ದೊಡ್ಡ ವಿಮಾನವನ್ನು ಕಟ್ಟಬಾರದೆಂದೇನಿಲ್ಲ. ತೂಕವನ್ನು ಘನದ ಹಾದಿಯಿಂದ ಎಳೆದು ವರ್ಗದ ಹಾದಿಗೆ ತರುವುದೇ ಅಲ್ಲಿರುವ ಜಾಣ್ಮೆ. ನಮ್ಮ ಉದಾಹರಣೆಯಲ್ಲಿ ತೂಕ 2.7 ಕಿಲೋ ದಾಟದಂತೆ ನೋಡಿಕೊಂಡರೆ ಹಾರುವ ವೇಗ ಮೊದಲಿನಷ್ಟೇ ಉಳಿಯುತ್ತದೆ, ರೆಕ್ಕೆಯ ತೊಲೆಯ ಮೇಲಿನ ಒತ್ತಡವೂ ಮೊದಲಿನಷ್ಟೇ ಇರುತ್ತದೆ, ಪೆಟ್ಟಿನ ಶಕ್ತಿ ಐದರ ಬದಲು ಎರಡೂಕಾಲು ಪಟ್ಟಿಗೆ ನಿಲ್ಲುತ್ತದೆ. ಪೂರ್ಣವಾಗಿ ಸಾಧಿಸಲಾಗದಿದ್ದರೂ ಅದರ ಸಮೀಪಕ್ಕೆ ಹೋಗಬಹುದು. ಹೊದಿಕೆಯ ಹಾಳೆ ದಪ್ಪವಾಗಬೇಕಿಲ್ಲ. ರೇಡಿಯೊ ಗ್ರಾಹಕ ದೊಡ್ಡದಾಗಬೇಕಿಲ್ಲ. ಮರದ ಹಾಳೆಯ ದಪ್ಪವನ್ನು ಗುಣಿಸುವ ಬದಲು ಎಲ್ಲಿ ಭಾರ ಬೀಳುತ್ತದೆಯೋ ಅಲ್ಲಿ ಮಾತ್ರ ಹೆಚ್ಚಿಸಬೇಕು.

ಇನ್ನೊಂದು ಉಪಾಯವನ್ನು ಸುಲೈಬಿಯಾದ ನೀರಿನ ಸ್ಥಾವರವೇ ಕಲಿಸುತ್ತದೆ. ದಿನಕ್ಕೆ 3,75,000 ಘನ ಮೀಟರ್ ನೀರಿಗಾಗಿ ರೂಪಿಸಲಾದ ಆ ಸ್ಥಾವರವನ್ನು ಕಟ್ಟುವಾಗ ಯಾರೂ ದೈತ್ಯ ಗಾತ್ರದ ಒಂದು ಸೋಸುಪೊರೆಯನ್ನು ಮಾಡಲಿಲ್ಲ. ತೋಳಿನಲ್ಲಿ ಎತ್ತಿಕೊಳ್ಳಬಹುದಾದ ಪೊರೆಯ ಕೊಳವೆಗಳನ್ನೇ ಸಾವಿರಗಟ್ಟಲೆ ಸಾಲಾಗಿ ಜೋಡಿಸಿದರು. ನಮ್ಮ ದೇಹದ್ದೂ ಇದೇ ಕ್ರಮ: ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು. ವಿಮಾನದ ರೆಕ್ಕೆಯಲ್ಲಿಯೂ ಹಾಗೆಯೇ. ನಕ್ಷೆಯನ್ನು ಹಿಗ್ಗಿಸಿದಾಗ ಪಕ್ಕೆಲುಬುಗಳ ನಡುವಿನ ಅಂತರವೂ ಹಿಗ್ಗಿ, ನಡುವೆ ಹೊದಿಕೆ ಜೋತುಬಿದ್ದು ರೆಕ್ಕೆಯ ಆಕಾರ ಕೆಡುತ್ತದೆ. ಅಂತರವನ್ನು ಮೊದಲಿನಷ್ಟೇ ಇಟ್ಟು, ತೆಳುವಾದ ಪಕ್ಕೆಲುಬುಗಳ ಸಂಖ್ಯೆಯನ್ನು ಹೆಚ್ಚಿಸುವುದು ಲೇಸು.

ಕುಗ್ಗಿಸುವಾಗಿನ ತೊಡಕು ಬೇರೆ ಬಗೆಯದು. ಇಲ್ಲಿ ಪೆಟ್ಟಿನ ಭಯ ಕರಗಿಹೋಗುತ್ತದೆ. ಅರ್ಧಕ್ಕಿಳಿಸಿದ ವಿಮಾನದ ಚಲನಶಕ್ತಿ ಲೆಕ್ಕದ ಪ್ರಕಾರ ಹದಿನಾರನೆಯ ಒಂದು ಭಾಗ ಮಾತ್ರ. ಆದರೆ ತೂಕ ಎಂಟನೆಯ ಒಂದಕ್ಕೆ ಇಳಿಯಲು ಒಪ್ಪುವುದಿಲ್ಲ. ಬ್ಯಾಟರಿ, ತಂತಿ, ಅಂಟು ನಮ್ಮ ಇಚ್ಛೆಯಂತೆ ಕುಗ್ಗುವುದಿಲ್ಲ. ಜೊತೆಗೆ ಗಾಳಿಯ ಸ್ವಭಾವವೇ ಬದಲಾದಂತೆ ತೋರುತ್ತದೆ. ರೆಕ್ಕೆಯ ಅಗಲ, ವೇಗ ಮತ್ತು ಗಾಳಿಯ ಸ್ನಿಗ್ಧತೆಯನ್ನು ಸೇರಿಸಿ ಹೇಳುವ ರೆನಾಲ್ಡ್ಸ್ ಸಂಖ್ಯೆ ಮೂಲ ವಿಮಾನದಲ್ಲಿ ಸುಮಾರು 1,33,000 ಇದ್ದುದು ಅರ್ಧಕ್ಕಿಳಿಸಿದಾಗ ಸುಮಾರು 47,000ಕ್ಕೆ ಬೀಳುತ್ತದೆ. ಈ ಮಟ್ಟದಲ್ಲಿ ಗಾಳಿ ದಪ್ಪ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯದೆ ಬೇಗ ಕಿತ್ತುಕೊಳ್ಳುತ್ತದೆ. ಆದ್ದರಿಂದ ಚಿಕ್ಕ ವಿಮಾನಕ್ಕೆ ತೆಳುವಾದ, ತುಸುವೇ ಬಾಗಿದ ರೆಕ್ಕೆ ಹಿತ. ಬಾಲದ ರೆಕ್ಕೆಯನ್ನೂ ಅನುಪಾತಕ್ಕಿಂತ ಸ್ವಲ್ಪ ದೊಡ್ಡದಾಗಿಸುವ ರೂಢಿಯಿದೆ. ಗಾಳಿಯ ಈ ಸ್ವಭಾವವನ್ನು ಗೆಲ್ಲಲು 1920ರ ದಶಕದಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದವರು ಗಾಳಿಯನ್ನು ಇಪ್ಪತ್ತು ಪಟ್ಟು ಒತ್ತಿ ತುಂಬಿದ ಸುರಂಗವನ್ನೇ ಕಟ್ಟಿ, ಅದರಲ್ಲಿ ಚಿಕ್ಕ ಮಾದರಿಗಳನ್ನು ಪರೀಕ್ಷಿಸಿದರು.

ಕುವೈತಿನ ಬಿಸಿಲೂ ಈ ಲೆಕ್ಕದೊಳಗೆ ಬರುತ್ತದೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಷ್ಟು ಬೇಡ, 45 ಡಿಗ್ರಿಯಲ್ಲಿಯೇ ಗಾಳಿ 15 ಡಿಗ್ರಿಯಲ್ಲಿದ್ದುದಕ್ಕಿಂತ ಸುಮಾರು ಹತ್ತನೆಯ ಒಂದು ಭಾಗದಷ್ಟು ವಿರಳವಾಗಿರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರು ಎತ್ತರದಿಂದ ಕಳೆದುಕೊಳ್ಳುವಷ್ಟನ್ನೇ ಕುವೈತ್ ಬೇಸಗೆಯಲ್ಲಿ ಶಾಖದಿಂದ ಕಳೆದುಕೊಳ್ಳುತ್ತದೆ. ಜನವರಿಯಲ್ಲಿ ಸರಾಗವಾಗಿ ಹಾರಿದ ಭಾರದ ವಿಮಾನ ಮೇ ತಿಂಗಳಲ್ಲಿ ತಡವರಿಸಿದರೆ ಕಟ್ಟಿದವರನ್ನು ದೂರಬೇಕಾಗಿಲ್ಲ.

ಇಷ್ಟೆಲ್ಲ ಬದಲಾಗುವಾಗ ಬದಲಾಗದೆ ಉಳಿಯುವುದೇನು? ಕೋನಗಳು ಮತ್ತು ಅನುಪಾತಗಳು. ರೆಕ್ಕೆ ಮೇಲಕ್ಕೆ ಬಾಗಿರುವ ಕೋನ, ರೆಕ್ಕೆಗೂ ಬಾಲಕ್ಕೂ ನಡುವಿನ ವಾಲಿನ ವ್ಯತ್ಯಾಸ, ರೆಕ್ಕೆಯ ಅಗಲದ ಎಷ್ಟನೆಯ ಭಾಗದಲ್ಲಿ ಗುರುತ್ವಕೇಂದ್ರ ಇರಬೇಕೆಂಬುದು, ಇವು ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಮೊದಲಿನಂತೆಯೇ ಇರಬೇಕು. ಕೋನವನ್ನು ಒಂದೂವರೆಯಿಂದ ಗುಣಿಸಲು ಹೋಗಬಾರದು. ಮೂಲ ನಕ್ಷೆಯಿಂದ ಮೊದಲು ಬರೆದಿಟ್ಟುಕೊಳ್ಳಬೇಕಾದ ಸಂಗತಿಗಳೂ ಇವೇ.

ದೊಡ್ಡ ವಿಮಾನಗಳ ಲೋಕದಲ್ಲಿಯೂ ಈ ವಿವೇಕವೇ ಕೆಲಸ ಮಾಡಿದೆ. ಬಾಲ್ಯದಿಂದಲೂ ಮಾದರಿ ವಿಮಾನಗಳನ್ನು ಕಟ್ಟುತ್ತ ಬೆಳೆದ ಅಮೆರಿಕದ ಬರ್ಟ್ ರುಟಾನ್, ತನ್ನ ಹೊಸ ವಿನ್ಯಾಸವೊಂದರ ಚಿಕ್ಕ ಮಾದರಿಯನ್ನು ಓಡುವ ಕಾರಿನ ಮೇಲೆ ಕಟ್ಟಿ ಗಾಳಿಯ ಬಲವನ್ನು ಅಳೆದವನು. ಜನರು ಮನೆಯಲ್ಲಿಯೇ ಕಟ್ಟಿಕೊಳ್ಳಲೆಂದು ಆತ ನಕ್ಷೆಗಳನ್ನು ಮಾರುತ್ತಿದ್ದ. ಅವನ ವೇರಿ-ಈಜ಼ೀ ವಿಮಾನಕ್ಕಿಂತ ದೊಡ್ಡದು ಬೇಕೆನಿಸಿದಾಗ ಹಳೆಯ ನಕ್ಷೆಯನ್ನು ಹಾಗೆಯೇ ಹಿಗ್ಗಿಸದೆ, ರೆಕ್ಕೆಯನ್ನು ಹೊಸದಾಗಿ ರೂಪಿಸಿ ಲಾಂಗ್-ಈಜ಼ೀ ಮಾಡಿದ. ಅದು 1979ರಲ್ಲಿ ಹಾರಿತು. 1982ರಲ್ಲಿ ಅವನು ಸ್ಥಾಪಿಸಿದ ಸಂಸ್ಥೆಯ ಹೆಸರಿನಲ್ಲಿಯೇ ‘ಸ್ಕೇಲ್ಡ್’ ಎಂಬ ಶಬ್ದವಿದೆ. ಬೀಚ್ ಕಂಪನಿಯ ಸ್ಟಾರ್‌ಶಿಪ್ ವಿಮಾನಕ್ಕಾಗಿ ಆ ಸಂಸ್ಥೆ ಮೊದಲು ಶೇಕಡಾ 85ರ ಅಳತೆಯಲ್ಲಿ ಹಾರುವ ಮಾದರಿಯೊಂದನ್ನು ಕಟ್ಟಿಕೊಟ್ಟಿತು.

ಕನ್ನಡಿಗರಿಗೆ ಹತ್ತಿರದ ಸಂಗತಿಯೊಂದುಂಟು. ಅದೇ ಲಾಂಗ್-ಈಜ಼ೀ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಒಂದು ಹಗುರ ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಮನೆಯಂಗಳದ ಹವ್ಯಾಸಿಗಳಿಗೆಂದು ಹುಟ್ಟಿದ ವಿನ್ಯಾಸ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಸಂಯುಕ್ತ ವಸ್ತುಗಳ ವಿಮಾನ ನಿರ್ಮಾಣದ ಅನುಭವವನ್ನು ಕೊಟ್ಟಿತು. 1993ರಲ್ಲಿ ಅಲ್ಲಿಂದಲೇ ಹಾರಿದ ‘ಹಂಸ’ಕ್ಕೆ ಆ ಅನುಭವ ಒದಗಿಬಂದಿತು. ಊಟದ ಮೇಜಿನ ಕೆಲಸವನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಈ ಕಥೆಯನ್ನು ನೆನೆಯಬೇಕು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಜೆರಾಕ್ಸ್ ಯಂತ್ರದ ಶೇಕಡಾವಾರು ಉದ್ದಕ್ಕೆ ಸಂಬಂಧಿಸಿದ್ದು; 200 ಎಂದೊತ್ತಿದರೆ ವಿಸ್ತೀರ್ಣ ನಾಲ್ಕು ಪಟ್ಟು. ಎ4 ಹಾಳೆಯನ್ನು ಎ3ಗೆ ತುಂಬುವಂತೆ ಹಿಗ್ಗಿಸಲು 141 ಸಾಕು. ಮುದ್ರಿಸುವ ಮೊದಲು ನಕ್ಷೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹತ್ತು ಸೆಂಟಿಮೀಟರಿನ ಒಂದೊಂದು ಗೆರೆಯನ್ನೆಳೆದಿಟ್ಟು, ಮುದ್ರಿಸಿದ ಬಳಿಕ ಎರಡನ್ನೂ ಅಳೆದು ನೋಡಬೇಕು. ಕೆಲವು ಯಂತ್ರಗಳು ಎರಡೂ ದಿಕ್ಕಿಗೆ ಸಮನಾಗಿ ಹಿಗ್ಗಿಸುವುದಿಲ್ಲ. ಮೂರು ಮಿಲಿಮೀಟರ್ ಹಾಳೆ ಕೂರಬೇಕಾದ ಗಾಡಿ ಹಿಗ್ಗಿದ ನಕ್ಷೆಯಲ್ಲಿ ನಾಲ್ಕೂವರೆ ಮಿಲಿಮೀಟರ್ ಆಗಿರುತ್ತದೆ. ಅಂಗಡಿಯಲ್ಲಿ ಸಿಗುವ ಮರದ ದಪ್ಪಕ್ಕೆ ತಕ್ಕಂತೆ ಗಾಡಿಗಳನ್ನು ಮತ್ತೆ ಬರೆಯದಿದ್ದರೆ ಜೋಡಣೆಯೆಲ್ಲ ಸಡಿಲವಾಗುತ್ತದೆ. ಹೊರಗೆ ಹಾರಿಸುವ ಮುನ್ನ ಇಲ್ಲಿನ ಅನುಮತಿಯ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಪರದೇಶದಲ್ಲಿರುವ ನಮಗೆ ಇನ್ನಷ್ಟು ಅಗತ್ಯ.

ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿರುವ ಮನೆಯವರಿಗೆ ವೈದ್ಯನಾಗಿ ನನ್ನ ಸಲಹೆ ಇಷ್ಟು: ಮೊದಲು ಕುಗ್ಗಿಸಿ, ಆಮೇಲೆ ಹಿಗ್ಗಿಸಿ. ಚಿಕ್ಕ ವಿಮಾನವನ್ನು ಕಟ್ಟುವುದು ಕಷ್ಟ. ಒಂದೊಂದು ಹನಿ ಅಂಟಿಗೂ ಲೆಕ್ಕ ಕೇಳುತ್ತದೆ. ಆದರೆ ಅದು ಬಿದ್ದರೆ ಮುರಿಯುವುದು ಮರ ಮಾತ್ರ. ಆ ಕಷ್ಟದಲ್ಲಿ ಹಗುರವಾಗಿ ಕಟ್ಟುವ ಅಭ್ಯಾಸ ಮಗುವಿನ ಕೈಗೆ ಹತ್ತುತ್ತದೆ. ಮುಂದೊಂದು ದಿನ ಅದೇ ಕೈ ಎರಡು ಮೀಟರ್ ಹರವಿನ ವಿಮಾನವನ್ನು ಕಟ್ಟುವಾಗ ತಂದೆ-ತಾಯಿಯರು ನಿಶ್ಚಿಂತೆಯಿಂದ ಪಕ್ಕದಲ್ಲಿ ನಿಲ್ಲಬಹುದು. ಬೇಸಗೆ ರಜೆಗೆ ಇನ್ನೂ ಸಮಯವಿದೆ. ಒಂದು ನಕ್ಷೆಯನ್ನು ಆರಿಸಿಕೊಂಡು, ಅದರ ಅಂಚಿನಲ್ಲಿ ಆ ಐದು ಸಂಖ್ಯೆಗಳನ್ನು ಮಗುವಿನ ಕೈಯಿಂದಲೇ ಬರೆಯಿಸಿ ಕೆಲಸ ಆರಂಭಿಸಬಹುದು.