ಡಿಪೊದಲ್ಲಿ ಬಿಪಿ ಪಟ್ಟಿ: ಕೆಲಸದ ಜಾಗದ ತಪಾಸಣೆಯಿಂದ ಏನು ಸಿಗುತ್ತದೆ?

2024ರ ನವೆಂಬರ್ 6ರಂದು ಬೆಂಗಳೂರಿನ ಹೊರವಲಯದಲ್ಲಿ ಬಿಎಂಟಿಸಿ ಬಸ್ಸೊಂದರ ಚಾಲಕರು ಬಸ್ಸು ಓಡಿಸುತ್ತಿರುವಾಗಲೇ ಹೃದಯಾಘಾತವಾಗಿ ಸೀಟಿನಿಂದ ವಾಲಿದರು. ನಿರ್ವಾಹಕರು ಓಡಿ ಬಂದು ಸ್ಟೀರಿಂಗ್ ಹಿಡಿದು ಬಸ್ಸು ನಿಲ್ಲಿಸಿದರು. ಪ್ರಯಾಣಿಕರು ಪಾರಾದರು, ಚಾಲಕರು ಉಳಿಯಲಿಲ್ಲ. ಬಸ್ಸಿನೊಳಗಿನ ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯ ನಾಡಿನಾದ್ಯಂತ ಮೊಬೈಲ್‌ಗಳಲ್ಲಿ ಹರಿದಾಡಿತು. ಮರುವರ್ಷದ ಜೂನ್, ಜುಲೈ ಹೊತ್ತಿಗೆ ಹಾಸನದಲ್ಲಿ ಹೃದಯಾಘಾತದ ಸರಣಿ ಸಾವುಗಳ ಸುದ್ದಿ ಬಂತು. ಹಾಗೆ ಸತ್ತವರಲ್ಲೂ ಆಟೊ, ಕ್ಯಾಬ್ ಚಾಲಕರಿದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ನಿಂತಿತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ, 40 ವರ್ಷ ದಾಟಿದ ಕಾರ್ಮಿಕರಿಗೆ ಮಾಲೀಕರೇ ವರ್ಷಕ್ಕೊಮ್ಮೆ ಉಚಿತವಾಗಿ ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬ ಅಂಶವೂ ಅವುಗಳಲ್ಲಿತ್ತು.

ಹಾಗಾದರೆ ಡಾಕ್ಟರು, ನರ್ಸು, ಬಿಪಿ ಯಂತ್ರ ಎಲ್ಲ ಡಿಪೊಗೇ, ಕಾರ್ಖಾನೆಯ ಗೇಟಿಗೇ ಬಂದರೆ ಇಂಥ ಸಾವು ತಪ್ಪುತ್ತದೆಯೆ? ಕಲಬುರಗಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಬಹಮನಿ ಕೋಟೆಯ ಈ ನಗರ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಸ್ಥಾನ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿನ ಕಡೆ ಹೋಗುವ ಬಸ್ಸಿನ ಚಾಲಕರು ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿನಲ್ಲಿ, ಎಂಜಿನ್ನಿನ ಕಾವಿನ ಪಕ್ಕದಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ.

ಬಸ್ ಚಾಲಕರ ಹೃದಯಕ್ಕೂ ಕೆಲಸದ ಜಾಗದ ವಿಜ್ಞಾನಕ್ಕೂ ಹಳೆಯ ನಂಟಿದೆ. ಎರಡನೇ ಮಹಾಯುದ್ಧದ ಬಳಿಕ ಬ್ರಿಟನ್ನಿನಲ್ಲಿ ಹೃದಯಾಘಾತದ ಸಾವುಗಳು ಏರುತ್ತಿದ್ದವು. ಕಾರಣ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರಿಗೆ, ಮನುಷ್ಯ ಮಾಡುವ ಕೆಲಸದಲ್ಲೇ ಉತ್ತರ ಇರಬಹುದು ಅನ್ನಿಸಿತು. ಅವರು ಆರಿಸಿಕೊಂಡದ್ದು ಲಂಡನ್ನಿನ ಎರಡಂತಸ್ತಿನ ಬಸ್ಸುಗಳನ್ನು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನದ ಇಬ್ಬರು. ಚಾಲಕ ಪಾಳಿಯುದ್ದಕ್ಕೂ ಕೂತೇ ಇರುತ್ತಾನೆ. ನಿರ್ವಾಹಕ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 35ರಿಂದ 64 ವಯಸ್ಸಿನ ಸುಮಾರು 31 ಸಾವಿರ ನೌಕರರ ದಾಖಲೆ ಜಾಲಾಡಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಾರಿಸ್ ತಂಡ ಫಲಿತಾಂಶ ಪ್ರಕಟಿಸಿತು. ನಿರ್ವಾಹಕರಿಗಿಂತ ಚಾಲಕರಲ್ಲಿ ಹೃದ್ರೋಗ ಹೆಚ್ಚಿತ್ತು. ಮೊದಲ ಆಘಾತಕ್ಕೇ ಪ್ರಾಣ ಬಿಟ್ಟವರೂ ಅವರಲ್ಲೇ ಹೆಚ್ಚು. ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧವಿದೆ ಎಂದು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದಕ್ಕೆ ಅಂಕಿಅಂಶದ ಮೊದಲ ಗಟ್ಟಿ ಆಧಾರ ಸಿಕ್ಕಿದ್ದು ಬಸ್ ಡಿಪೊಗಳಿಂದ.

ಆದರೆ ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಮೊದಲಿನಿಂದಲೂ ದಪ್ಪಗಿದ್ದವರೇ ಚಾಲಕರಾಗಿ ಸೇರುತ್ತಿದ್ದರೆ? ಆ ಅನುಮಾನ ಪರೀಕ್ಷಿಸಲು ಅವರು ಸಾರಿಗೆ ಸಂಸ್ಥೆಯ ಸಮವಸ್ತ್ರದ ಲೆಕ್ಕಪತ್ರ ತರಿಸಿಕೊಂಡರು. ಯಾರ ಪ್ಯಾಂಟಿನ ಸೊಂಟದ ಅಳತೆ ಎಷ್ಟು ಎಂಬುದು ಅದರಲ್ಲಿತ್ತು. 1956ರಲ್ಲಿ ಬಂದ ಆ ಪ್ರಬಂಧದ ಪ್ರಕಾರ, ಕೆಲಸಕ್ಕೆ ಸೇರುವ ಹೊತ್ತಿಗೇ ಚಾಲಕರ ಸೊಂಟದ ಸುತ್ತಳತೆ ಹೆಚ್ಚಿತ್ತು. ಅಂದರೆ ಇಡೀ ವ್ಯತ್ಯಾಸವನ್ನು ಸೀಟಿನ ತಲೆಗೆ ಕಟ್ಟುವಂತಿರಲಿಲ್ಲ. ಸ್ವಂತ ಸಿದ್ಧಾಂತಕ್ಕೆ ಏಟು ಬೀಳುವ ಅಂಕಿಯನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದ ಈ ಪ್ರಾಮಾಣಿಕತೆಗೆ ತಲೆಬಾಗಬೇಕು. ಮುಂದೆ ಅದೇ ತಂಡ ಬಸ್ ನೌಕರರ ರಕ್ತದೊತ್ತಡ, ಕೊಲೆಸ್ಟೆರಾಲ್ ಅಳೆದು, ಯಾರಿಗೆ ಹೃದ್ರೋಗ ಬಂದೀತು ಎಂದು ಮೊದಲೇ ಹೇಳಲಾದೀತೆ ಎಂದು ನೋಡಿತು. ಆ ಫಲಿತಾಂಶ ಬಂದದ್ದು 1966ರಲ್ಲಿ. ಇಂದು ಕಂಪನಿಗಳಲ್ಲಿ ನಡೆಯುವ ತಪಾಸಣೆ ಶಿಬಿರಗಳಲ್ಲಿ ಕೇಳುವುದೂ ಅದೇ ಪ್ರಶ್ನೆ.

ಇಂಥ ಶಿಬಿರದಲ್ಲಿ ಅತಿ ಅಗ್ಗದ ಉಪಕರಣವೇ ಅತಿ ಉಪಯುಕ್ತ. ಕೈಗೆ ಸುತ್ತಿ ಗಾಳಿ ತುಂಬುವ ಬಿಪಿ ಪಟ್ಟಿಯನ್ನು 1896ರಲ್ಲಿ ರೂಪಿಸಿದವರು ಇಟಲಿಯ ಸಿಪಿಯೋನೆ ರೀವಾ ರೋಚಿ. ಪಟ್ಟಿ ಸಡಿಲಿಸುವಾಗ ಮೊಣಕೈ ಮಡಿಕೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು ಟಪ್ ಟಪ್ ಶಬ್ದ ಆಲಿಸುವ ವಿಧಾನವನ್ನು 1905ರಲ್ಲಿ ಹೇಳಿಕೊಟ್ಟವರು ರಷ್ಯಾದ ನಿಕೊಲಾಯ್ ಕೊರೊಟ್ಕೊವ್. ನೂರಿಪ್ಪತ್ತು ವರ್ಷವಾದರೂ ಈ ಸರಳ ಅಳತೆಯನ್ನು ಸರಿಯಾಗಿ ಮಾಡುವುದು ಅಪರೂಪ. ಬಸ್ಸಿನಿಂದ ಇಳಿದವರನ್ನು ಹಾಗೇ ಸಾಲಿನಲ್ಲಿ ನಿಲ್ಲಿಸಿ, ಮಾತಾಡಿಸುತ್ತಲೇ ಪಟ್ಟಿ ಸುತ್ತಿದರೆ ಬರುವ ಅಂಕಿ ನಂಬಿಕೆಗೆ ತಕ್ಕದ್ದಲ್ಲ. ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ, ತಂಬಾಕು ಬಿಟ್ಟಿರಬೇಕು. ಮೂತ್ರ ಕಟ್ಟಿಕೊಂಡಿರಬಾರದು. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಬೇಕು, ಕಾಲು ನೆಲಕ್ಕೆ ಊರಿರಬೇಕು, ಕೈ ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಕಾಣಿಸುತ್ತದೆ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ, ಬೇರೆ ದಿನ ಮತ್ತೊಮ್ಮೆ ನೋಡಿ, ಆಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಅಧಿಕ ರಕ್ತದೊತ್ತಡ ಎನ್ನಬಹುದು. ‘ಬೇರೆ ದಿನ ಮತ್ತೊಮ್ಮೆ’ ಎನ್ನುವುದಕ್ಕೆ ಕೆಲಸದ ಜಾಗದಷ್ಟು ಅನುಕೂಲದ ಸ್ಥಳ ಇನ್ನೊಂದಿಲ್ಲ, ಏಕೆಂದರೆ ಅದೇ ಮನುಷ್ಯ ನಾಳೆಯೂ ಅಲ್ಲಿಗೇ ಬರುತ್ತಾನೆ.

ದೇಶದ ಸ್ಥಿತಿ ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ 10.1 ಕೋಟಿ ಭಾರತೀಯರಿಗೆ ಸಕ್ಕರೆ ಕಾಯಿಲೆಯಿದೆ, ವಯಸ್ಕರಲ್ಲಿ ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಎರಡೂ ವರ್ಷಗಟ್ಟಲೆ ನೋವಿಲ್ಲದೆ ಇರುವಂಥವು. ‘ನನಗೇನಾಗ್ಯಾದ್ರೀ, ಆರಾಮ್ ಇದ್ದೀನಿ’ ಎನ್ನುವ ಮಾತು ಸುಳ್ಳಲ್ಲ, ಆದರೆ ರಕ್ತನಾಳಕ್ಕೆ ಆಗುತ್ತಿರುವ ಪೆಟ್ಟು ಹಾಗೆನ್ನುವವರಿಗೂ ತಿಳಿದಿರುವುದಿಲ್ಲ.

ಹಾಗೆಂದು ಸಿಕ್ಕ ಪರೀಕ್ಷೆಗಳನ್ನೆಲ್ಲ ಮಾಡಿಸುವುದು ಸರಿಯಲ್ಲ. ಕಲಬುರಗಿಯ ಮಂದಿಗೆ ಇದನ್ನು ದಾಲ್ ಮಿಲ್ಲಿನ ಜರಡಿಯಿಂದ ವಿವರಿಸಬಹುದು. ತೊಗರಿಯನ್ನು ಜರಡಿಗೆ ಹಾಕಿದರೆ ಮಣ್ಣು, ನುಚ್ಚು ಕೆಳಗೆ ಬೀಳುತ್ತವೆ, ಕಾಳು ಮೇಲೆ ಉಳಿಯುತ್ತದೆ. ಜರಡಿಯ ಕಣ್ಣು ತೀರ ಸಣ್ಣದಾದರೆ ಕಾಳಿನ ಜೊತೆ ಹರಳೂ ಉಳಿಯುತ್ತದೆ. ದೊಡ್ಡದಾದರೆ ಹರಳಿನ ಜೊತೆ ಒಳ್ಳೆಯ ಸಣ್ಣ ಕಾಳೂ ಹೋಗುತ್ತದೆ. ಎರಡೂ ನಷ್ಟವಿಲ್ಲದ ಕಣ್ಣು ಎಂಬುದೇ ಇಲ್ಲ, ಯಾವ ನಷ್ಟ ತಡೆದುಕೊಳ್ಳಬಹುದು ಎಂದು ಮೊದಲೇ ತೀರ್ಮಾನಿಸಬೇಕು. ವೈದ್ಯಕೀಯ ಪರೀಕ್ಷೆಯಲ್ಲಿ ಈ ಕಣ್ಣಿನ ಜಾಗದಲ್ಲಿ ಇರುವುದು ‘ಇಷ್ಟರ ಮೇಲಿದ್ದರೆ ಕಾಯಿಲೆ’ ಎಂಬ ಗೆರೆ. ಲೆಕ್ಕ ಹಾಕಿ ನೋಡೋಣ. 1000 ನೌಕರರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಶೇ 90ರಷ್ಟು ಸರಿಯಾಗಿ ಗುರುತಿಸುವ ಪರೀಕ್ಷೆ ಇದೆ ಎಂದೂ ಇಟ್ಟುಕೊಳ್ಳಿ. ಅದು 9 ರೋಗಿಗಳನ್ನು ಹಿಡಿಯುತ್ತದೆ. ಜೊತೆಗೆ 99 ಆರೋಗ್ಯವಂತರನ್ನೂ ರೋಗಿಗಳೆಂದು ತೋರಿಸುತ್ತದೆ. ರಿಪೋರ್ಟು ಕೈಗೆ ಬಂದ 108 ಮಂದಿಯಲ್ಲಿ ನಿಜವಾದ ರೋಗಿಗಳು ಹನ್ನೆರಡಕ್ಕೊಬ್ಬರು. ಉಳಿದವರಿಗೆ ನಿದ್ದೆಗೇಡು, ಸ್ಕ್ಯಾನಿಂಗ್ ಖರ್ಚು.

ಅದಕ್ಕೇ, ತೊಂದರೆಯೇನೂ ಇಲ್ಲದ, ಅಪಾಯ ಕಡಿಮೆ ಇರುವವರಿಗೆಲ್ಲ ಇಸಿಜಿ ಮಾಡುವುದು ಬೇಡ ಎಂದು ಅಮೆರಿಕದ ರೋಗತಡೆ ತಜ್ಞರ ಕಾರ್ಯಪಡೆ 2018ರಲ್ಲಿ ಸಲಹೆ ನೀಡಿತು. ಇಸಿಜಿ ಆ ಕ್ಷಣದ ಹೃದಯದ ವಿದ್ಯುತ್ ಚಟುವಟಿಕೆಯನ್ನಷ್ಟೇ ಬರೆದುಕೊಳ್ಳುತ್ತದೆ. ಹೃದಯಾಘಾತ ಅನೇಕ ಸಲ ರಕ್ತನಾಳದಲ್ಲಿ ಅರ್ಧಂಬರ್ಧ ಕಟ್ಟಿದ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಬರುತ್ತದೆ. ಹಿಂದಿನ ದಿನದ ಇಸಿಜಿ ನಾರ್ಮಲ್ ಇದ್ದಿರಲು ಸಾಧ್ಯ. ‘ಫುಲ್ ಬಾಡಿ ಚೆಕಪ್’ ಎಂದು ಐವತ್ತು ಅರವತ್ತು ಪರೀಕ್ಷೆಗಳ ಪ್ಯಾಕೇಜು ಮಾರುವ ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ತಪಾಸಣೆಯ ಫಲವನ್ನೇ ಪರೀಕ್ಷೆಗೆ ಒಡ್ಡಿದ ಅಧ್ಯಯನಗಳು ಉತ್ಸಾಹಕ್ಕೆ ಲಗಾಮು ಹಾಕುತ್ತವೆ. ಸುಮಾರು 2.5 ಲಕ್ಷ ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2019ರಲ್ಲಿ, ಸಾಮಾನ್ಯ ಆರೋಗ್ಯ ತಪಾಸಣೆಯಿಂದ ಸಾವಿನ ಪ್ರಮಾಣ ಇಳಿದಿಲ್ಲ ಎಂದಿತು. ಅದೇ ವರ್ಷ ಅಮೆರಿಕದ ದೊಡ್ಡ ಮಳಿಗೆ ಸರಣಿಯೊಂದರ ಸುಮಾರು 33 ಸಾವಿರ ನೌಕರರ ಅಧ್ಯಯನ ಪ್ರಕಟವಾಯಿತು. ಆರೋಗ್ಯ ಕಾರ್ಯಕ್ರಮ ಇದ್ದ ಮಳಿಗೆಗಳ ನೌಕರರು ‘ವ್ಯಾಯಾಮ ಮಾಡುತ್ತೇವೆ’ ಎಂದು ಹೆಚ್ಚಾಗಿ ಹೇಳಿದರು. ಆದರೆ 18 ತಿಂಗಳಾದರೂ ಅವರ ಬಿಪಿ, ಕೊಲೆಸ್ಟೆರಾಲ್, ಗೈರುಹಾಜರಿ, ಚಿಕಿತ್ಸೆಯ ಖರ್ಚು ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ನೌಕರರ ಅಧ್ಯಯನ ಇನ್ನೊಂದು ಸತ್ಯ ಹೊರಗೆಡವಿತು: ಇಂಥ ಕಾರ್ಯಕ್ರಮಕ್ಕೆ ಮುಂದಾಗಿ ಬರುವವರು ಮೊದಲೇ ಆರೋಗ್ಯವಾಗಿ ಇದ್ದವರು.

ಇದರ ಎದುರಿಗೆ ಲಾಸ್ ಏಂಜಲೀಸಿನ ಕ್ಷೌರದಂಗಡಿಗಳ ಪ್ರಯೋಗವನ್ನು ಇಡಬೇಕು. 52 ಅಂಗಡಿಗಳು, ಬಿಪಿ ಏರಿದ್ದ 319 ಕಪ್ಪುವರ್ಣೀಯ ಗಿರಾಕಿಗಳು. ಅಲ್ಲಿ ಅಳತೆ ಮಾಡಿ ಚೀಟಿ ಕೊಟ್ಟು ಕಳಿಸಲಿಲ್ಲ. ಫಾರ್ಮಸಿಸ್ಟ್ ಅಂಗಡಿಗೇ ಬಂದು, ಗಿರಾಕಿಯ ವೈದ್ಯರ ಒಪ್ಪಿಗೆಯಂತೆ ಮಾತ್ರೆ ಬರೆದುಕೊಟ್ಟು, ಮತ್ತೆ ಮತ್ತೆ ಅಳೆದರು. ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಅಂಶ ಇಳಿಯಿತು. ಬರಿಯ ಸಲಹೆ ಪಡೆದವರಲ್ಲಿ ಇಳಿದದ್ದು 9 ಅಂಶ. 2018ರ ಈ ಫಲಿತಾಂಶ ಲೋಕಕ್ಕೆ ತೋರಿಸಿದ್ದು ಇಷ್ಟು: ಅಳತೆ ಮಾಡಿದ ಜಾಗದಲ್ಲೇ ಚಿಕಿತ್ಸೆಯೂ ಸಿಗುವಂತಿದ್ದರೆ ಫಲವಿದೆ. ಭಾರತದ ಕಾರ್ಖಾನೆಗಳಲ್ಲೂ ಡಾ. ಡಿ. ಪ್ರಭಾಕರನ್ ಅವರ ತಂಡ ತಪಾಸಣೆಯ ಜೊತೆಗೆ ಆಹಾರ, ನಡಿಗೆ, ತಂಬಾಕು ಬಿಡಿಸುವ ಕೆಲಸವನ್ನು ವರ್ಷಗಟ್ಟಲೆ ನಡೆಸಿ, ತೂಕ, ಬಿಪಿ ಇಳಿದದ್ದನ್ನು 2009ರಲ್ಲಿ ವರದಿ ಮಾಡಿತ್ತು.

ಕೆಲಸದಿಂದಲೇ ಬರುವ ಕಾಯಿಲೆಗಳ ವಿಷಯ ಬೇರೆ. ವಾಡಿ, ಮಳಖೇಡ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರಿಗೆ ಬಿಪಿ, ಶುಗರ್ ಮಾತ್ರ ನೋಡಿದರೆ ಸಾಲದು. ಸಿಮೆಂಟ್ ಉದ್ಯಮ 1948ರ ಕಾರ್ಖಾನೆ ಕಾಯ್ದೆಯ ಅಪಾಯಕಾರಿ ಪಟ್ಟಿಯಲ್ಲಿತ್ತು. ಭೋಪಾಲ್ ದುರಂತದ ನಂತರ 1987ರಲ್ಲಿ ಆದ ತಿದ್ದುಪಡಿಯು ಇಂಥ ಕಡೆ ಕೆಲಸಕ್ಕೆ ಸೇರುವ ಮೊದಲು ಮತ್ತು ಆಮೇಲೆ 12 ತಿಂಗಳಿಗೊಮ್ಮೆ ತಪಾಸಣೆ ಕಡ್ಡಾಯ ಮಾಡಿತು. ಉಸಿರಿನ ಪರೀಕ್ಷೆಯಲ್ಲಿ ಕಾರ್ಮಿಕ ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ರಭಸದಿಂದ ಊದುತ್ತಾನೆ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಯಂತ್ರ ಅಳೆಯುತ್ತದೆ. ಕಿವಿಯ ಪರೀಕ್ಷೆಯಲ್ಲಿ, ಗದ್ದಲದ ಹಾನಿ ಸಾಮಾನ್ಯವಾಗಿ ಮೊದಲು ಕಾಣಿಸುವುದು 4000 ಹರ್ಟ್ಸ್ ಆಸುಪಾಸಿನ ಕೀಚಲು ಸ್ವರದಲ್ಲಿ. ಮಾತು ಕೇಳಿಸದಂತಾಗುವುದು ಎಷ್ಟೋ ವರ್ಷಗಳ ಮೇಲೆ. ಇಲ್ಲಿ ಹೋಲಿಸಬೇಕಾದದ್ದು ಪುಸ್ತಕದ ಸರಾಸರಿಯೊಂದಿಗಷ್ಟೇ ಅಲ್ಲ, ಅದೇ ಕಾರ್ಮಿಕನ ಹೋದ ವರ್ಷದ ಅಂಕಿಯೊಂದಿಗೆ. ಮೊದಲ ದಿನದ ದಾಖಲೆ ಕಳೆದುಹೋದರೆ ಹತ್ತನೇ ವರ್ಷದ ಪರೀಕ್ಷೆಯ ಅರ್ಧ ಬೆಲೆ ಹೋದಂತೆ.

ದಾಖಲೆ ಯಾರ ಕೈಯಲ್ಲಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಬಿಪಿ ಇದೆ ಎಂದು ತಿಳಿದರೆ ಸ್ಟೀರಿಂಗ್ ಬಿಡಿಸುತ್ತಾರೆ, ಓವರ್‌ಟೈಮ್ ತಪ್ಪುತ್ತದೆ ಎಂಬ ಭಯವಿದ್ದರೆ ಚಾಲಕ ಶಿಬಿರದ ದಿನವೇ ರಜೆ ಹಾಕುತ್ತಾನೆ. ಒಬ್ಬೊಬ್ಬರ ಅಂಕಿ ವೈದ್ಯರ ಬಳಿ ಇರಬೇಕು, ಆಡಳಿತಕ್ಕೆ ಒಟ್ಟು ಲೆಕ್ಕ ಸಾಕು. ಇಂಥವರಿಗೆ ಇಂಥ ಕೆಲಸ ಸದ್ಯ ಬೇಡ ಎಂಬ ಸಲಹೆ ಹೋಗಬಹುದು, ಕಾಯಿಲೆಯ ಹೆಸರು ಹೋಗಬಾರದು. ಮಾತ್ರೆ ತೆಗೆದುಕೊಂಡು ಬಿಪಿ ಹತೋಟಿಗೆ ತಂದವರಿಗೆ ಡ್ಯೂಟಿ ತಪ್ಪುವುದಿಲ್ಲ ಎಂಬ ಭರವಸೆಯನ್ನು ಶಿಬಿರಕ್ಕೆ ಮೊದಲೇ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು.

ತಪಾಸಣೆಯ ಮುಂದಿನ ಮೆಟ್ಟಿಲಾದ ಚಿಕಿತ್ಸೆಗೆ ಕಲಬುರಗಿಯಲ್ಲಿ ಇಂದು ಕೊರತೆಯಿಲ್ಲ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಆದರೆ ಕೆಲಸದ ಜಾಗಕ್ಕೆ ಗೇಟು, ಹಾಜರಿ ಪುಸ್ತಕ ಯಾವುದೂ ಇಲ್ಲದವರ ಮಾತೇ ಬೇರೆ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಕೂಲಿಗೆ ಹೋಗುವ ಹೆಂಗಸಿಗೆ, ಎಪಿಎಂಸಿಯಲ್ಲಿ ತೊಗರಿ ಚೀಲ ಹೊರುವ ಹಮಾಲನಿಗೆ ಶಿಬಿರ ನಡೆಸುವ ಮಾಲೀಕ ಯಾರು? ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ 30 ದಾಟಿದವರ ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುತ್ತದೆ. 40ರವರೆಗೆ ಕಾಯುವ ಕಾರ್ಮಿಕ ಸಂಹಿತೆಗಿಂತ ಆ 30ರ ಗೆರೆಯೇ ಚಾಲಕರಿಗೂ ಒಪ್ಪುವಂಥದ್ದು.

ಶಿಬಿರ ಮುಗಿದ ಮರುದಿನ ಪತ್ರಿಕೆಯಲ್ಲಿ ಬರುವುದು ‘ಇಷ್ಟು ನೌಕರರ ತಪಾಸಣೆ’ ಎಂಬ ಸಂಖ್ಯೆ. ನೌಕರರ ಸಂಘಗಳು ಆರು ತಿಂಗಳ ಬಳಿಕ ಇನ್ನೂ ಮೂರು ಸಂಖ್ಯೆ ಕೇಳಿ ಪಡೆಯಬೇಕು: ಬಿಪಿ ಏರಿದೆ ಎಂದು ತಿಳಿದವರಲ್ಲಿ ಎಷ್ಟು ಮಂದಿ ವೈದ್ಯರನ್ನು ಕಂಡರು, ಎಷ್ಟು ಮಂದಿ ಇಂದಿಗೂ ಮಾತ್ರೆ ನುಂಗುತ್ತಿದ್ದಾರೆ, ಎಷ್ಟು ಮಂದಿಯ ಬಿಪಿ 140/90ರ ಕೆಳಗೆ ಬಂದಿದೆ.