ನಾರು, ರಾಳ ಮತ್ತು ತಾಳಿಕೆ

ಇಂದು ಬೆಂಗಳೂರಿನೊಳಗೆ ಸೇರಿಹೋಗಿರುವ ಕೆಂಗೇರಿಯ ಸುತ್ತಣ ಊರುಗಳಲ್ಲಿ, ನಾಡಿನ ಇತರ ಹಳ್ಳಿಗಳಲ್ಲಿದ್ದಂತೆಯೇ, ಹಿಂದೆ ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವ ಪದ್ಧತಿಯಿತ್ತು. ಬರಿಯ ಮಣ್ಣು ಒಣಗಿದಾಗ ಬಿರಿಯುತ್ತದೆ. ಹುಲ್ಲಿನ ಎಳೆಯು ಆ ಬಿರುಕು ಬೆಳೆಯದಂತೆ ಹಿಡಿದು ನಿಲ್ಲಿಸುತ್ತದೆ. ಗಾಜಿನ ಅಥವಾ ಇಂಗಾಲದ ನಾರನ್ನು ಎಪಾಕ್ಸಿಯಂತಹ ರಾಳದಲ್ಲಿ ಹುದುಗಿಸಿ ತಯಾರಿಸುವ ಸಂಯೋಜಿತ ವಸ್ತುಗಳ ಮೂಲತತ್ತ್ವವೂ ಇದೇ ಆಗಿದೆ.

ಈ ವಸ್ತುಗಳ ಮಹತ್ವದ ಪ್ರಯೋಗವೊಂದು ಇದೇ ನಗರದ ಪೂರ್ವಭಾಗದಲ್ಲಿ ನಡೆದಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ‘ತೇಜಸ್’ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ನೂರಕ್ಕೆ 45 ಭಾಗ ಸಂಯೋಜಿತ ವಸ್ತುವೇ. ಅದರ ಬಾಲದ ಲಂಬ ಫಿನ್ ಹಾಗೂ ರಡ್ಡರ್‌ಗಳನ್ನು 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿತು.

ಆದರೆ ಬಲವೇ ಬೇರೆ, ತಾಳಿಕೆಯೇ ಬೇರೆ. ಸೀಮೆಸುಣ್ಣದ ಕಡ್ಡಿಯು ಒತ್ತಡವನ್ನು ಸಹಿಸಿದರೂ ತುಸು ಬಾಗಿಸಿದೊಡನೆ ಮುರಿಯುತ್ತದೆ. ಒಮ್ಮೆ ಹುಟ್ಟಿದ ಬಿರುಕನ್ನು ಮುಂದುವರಿಯಗೊಡದ ಗುಣವೇ ತಾಳಿಕೆ. ಸಂಯೋಜಿತ ಹಲಗೆಯಲ್ಲಿ ತೆಳುವಾದ ಪದರಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪದರದೊಳಗೆ ನಾರಿನ ರಕ್ಷಣೆಯುಂಟು. ಎರಡು ಪದರಗಳ ನಡುವೆ ಇರುವುದು ರಾಳವೊಂದೇ. ದುರಸ್ತಿಯ ವೇಳೆ ಕೈಜಾರಿದ ಸ್ಪ್ಯಾನರ್ ಬಿದ್ದರೆ ಮೇಲ್ಮೈಯಲ್ಲಿ ಗುರುತು ಕಾಣದಿದ್ದರೂ ಒಳಗೆ ಪದರಗಳು ಬಿಟ್ಟುಕೊಳ್ಳಬಹುದು. ಅಂತಹ ಭಾಗವು ಅದುಮುವ ಭಾರಕ್ಕೆ ಸಿಲುಕಿದಾಗ ನಿರೀಕ್ಷೆಗಿಂತ ಬಹಳ ಮೊದಲೇ ಕುಸಿಯುವ ಸಂಭವವಿದೆ. ಚಾಲಕನ ಪ್ರಾಣವು ಈ ಕಾಣದ ಗಾಯವನ್ನು ಅವಲಂಬಿಸಿದೆ.

ಇದಕ್ಕೆ ಹಲವು ಪರಿಹಾರಗಳಿವೆ. ರಾಳದಲ್ಲಿ ರಬ್ಬರಿನ ಅತಿ ಸೂಕ್ಷ್ಮ ಕಣಗಳನ್ನು ಹರಡಿದರೆ, ಬಿರುಕಿನ ತುದಿಯಲ್ಲಿ ರಾಳವು ಹಿಗ್ಗಿ ಜಗ್ಗಿ ಏಟಿನ ಶಕ್ತಿಯನ್ನು ನುಂಗುತ್ತದೆ. ಆದರೆ ಬರಿಯ ರಾಳದಲ್ಲಿ ದೊರೆತಷ್ಟು ಲಾಭ ಹಲಗೆಯಲ್ಲಿ ದೊರೆಯದು. ಒತ್ತಾಗಿರುವ ನಾರುಗಳು ರಾಳಕ್ಕೆ ಜಗ್ಗಲು ಎಡೆಗೊಡುವುದಿಲ್ಲ. ಮೇಲಾಗಿ ರಬ್ಬರು ಹೆಚ್ಚಿದಂತೆ ಬಿಗುಪು ಕುಗ್ಗುತ್ತದೆ. ಆದುದರಿಂದ ಪದರಗಳ ನಡುವೆಯೇ ಕಾವಿಗೆ ಮೆತ್ತಗಾಗುವ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ಕಣಗಳನ್ನಿರಿಸುವ ವಿಧಾನ ಬೆಳೆಯಿತು. 2009ರಲ್ಲಿ ಮೊದಲು ಹಾರಿದ ಬೋಯಿಂಗ್ 787 ವಿಮಾನದಲ್ಲಿ ಇಂತಹ ವಸ್ತುವನ್ನು ಬಳಸಲಾಗಿದೆ. ಕೌದಿಯಂತೆ ಪದರಗಳನ್ನು ದಾರದಿಂದ ಹೊಲಿಯುವುದು ಮತ್ತೊಂದು ಉಪಾಯ. ಅದು ಪದರಗಳನ್ನು ಬಿಗಿದು ಹಿಡಿದರೂ ಸೂಜಿ ಹಾದಲ್ಲಿ ನಾರಿಗೆ ಕೊಂಚ ಘಾಸಿಯಾಗುತ್ತದೆ. ನಾರು ಮತ್ತು ರಾಳಗಳ ಬೆಸುಗೆಯೂ ಹದವಾಗಿರಬೇಕು. ಅದು ಸಡಿಲವಾದರೆ ಭಾರವು ನಾರಿಗೆ ತಲುಪದು. ಅತಿಯಾಗಿ ಬಿಗಿಯಾದರೆ ಬಿರುಕು ನಾರುಗಳನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಹೀಗೆ ಪ್ರತಿಯೊಂದು ಗಳಿಕೆಗೂ ಒಂದು ತೆರಿಗೆಯುಂಟು. ಹದವನ್ನರಿಯುವುದೇ ಇಲ್ಲಿಯ ವಿದ್ಯೆ.

ಎಷ್ಟೇ ಉತ್ತಮ ರಾಳವಿದ್ದರೂ, ಪದರ ಹಾಸುವಾಗ ನಡುವೆ ಗಾಳಿಯ ಗುಳ್ಳೆಯೋ ಹಾಳೆಯ ಚೂರೋ ಉಳಿದರೆ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಶ್ರವಣಾತೀತ ಧ್ವನಿಯ ಪರೀಕ್ಷೆ ಅದನ್ನು ಪತ್ತೆ ಹಚ್ಚಬಹುದು. ಬಾರದಂತೆ ತಡೆಯುವುದು ಮಾತ್ರ ಹಾಸುವ ಕೈಗಳ ಶ್ರದ್ಧೆ. ರಾಜಾಜಿನಗರ, ವಿಜಯನಗರಗಳ ಶಾಲೆಗಳಿಂದ ಹೊರಟು ನಾಳೆ ಇಂತಹ ಕಾರ್ಯಾಗಾರಗಳನ್ನು ಸೇರಲಿರುವ ವಿದ್ಯಾರ್ಥಿಗಳಿಗೆ ಸೂತ್ರಗಳ ಜೊತೆಗೆ ಇದನ್ನೂ ಕಲಿಸಬೇಕಾಗಿದೆ. ಹೊರಗೆ ಯಾರಿಗೂ ಕಾಣದ ಪದರವನ್ನು ಕಾಣುವ ಪದರದಷ್ಟೇ ನಿಷ್ಠೆಯಿಂದ ಹಾಸುವುದು ಶರಣರು ತೋರಿದ ಕಾಯಕವೇ ಸರಿ.